ಚೂರು ಇಡದ ಕಲ್ಲು

ನೆಮೆಸಿಯೊ ಕಾನುಲ್ ಕಳ್ಳನಲ್ಲ. ಈ ಮಾತು ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು, ಊರಿಗೆ ಗೊತ್ತಿಲ್ಲ. ಹೇಳಬೇಕಾದವನು ನಾನೊಬ್ಬನೇ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಯಾಶ್‌ತುನ್‌ನ ಪಾಳುಬಿದ್ದ ಹಳೆಯ ನಗರವನ್ನು ಮತ್ತೆ ಎತ್ತಿ ಕಟ್ಟುವಾಗ ನಾವಿಬ್ಬರೂ ಗಾರೆ ಕೆಲಸ ಮಾಡಿದವರು. ಬಿದ್ದ ಕಲ್ಲುಗಳಿಗೆ ಬಣ್ಣದಲ್ಲಿ ಅಂಕಿ ಬರೆದು ಒಂದೊಂದನ್ನೂ ಅದರದರ ಜಾಗಕ್ಕೇ ಕೂರಿಸಬೇಕು. ಹಳೆಯದು ಸಿಗದೆ ಹೊಸ ಕಲ್ಲು ಇಟ್ಟರೆ, ಸುತ್ತಲಿನ ಸುಣ್ಣದ ಸಂದಿಯಲ್ಲಿ ಉಗುರಿನಷ್ಟು ಕಲ್ಲುಚೂರುಗಳನ್ನು ಸಾಲಾಗಿ ಒತ್ತಬೇಕು. ಇದು ಅಜ್ಜಂದಿರು ಕೆತ್ತಿದ್ದಲ್ಲ, ನಾವು ಕೆತ್ತಿದ್ದು ಎಂದು ನೋಡಿದವರಿಗೆ ತಿಳಿಯಬೇಕು. ಹಾಗೆ ಚೂರು ಒತ್ತುವುದನ್ನು ನನಗೆ ಕಲಿಸಿದವನೇ ನೆಮೆಸಿಯೊ. "ಚೂರು ಇಡದೋನು ಬಾಯಿ ಬಿಡದೇನೇ ಸುಳ್ಳು ಹೇಳ್ತಾನೆ ಕಣೋ," ಎನ್ನುತ್ತಿದ್ದ. ನಮ್ಮ ಕಡೆಯ ಶಾಸ್ತ್ರದಂತೆ ಅವನ ಮಗಳನ್ನು ಮೊದಲ ಸಲ ಸೊಂಟದ ಮೇಲೆ ಕೂರಿಸಿಕೊಂಡು ಮೇಜಿಗೆ ಒಂಬತ್ತು ಸುತ್ತು ಬಂದವನು ನಾನು. ಅಂದಿನಿಂದ ಒಬ್ಬರಿಗೊಬ್ಬರು ಕೊಂಪಾದ್ರೆ ಆದೆವು. ನಮ್ಮಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಹೆಚ್ಚು.

ಅಂಥವನಿಗೆ ನಾನು ಮಾಡಿದ್ದನ್ನು ಕೇಳಿ. ಮಳೆದೇವರು ಚಾಕ್‌ನ ಮುಖದ ಮೂಗು, ಕುಡುಗೋಲಿನಂತೆ ಬಾಗಿದ ಉದ್ದದ ಕಲ್ಲು, ಗೋಡೆಯ ಮೂಲೆಯಲ್ಲಿ ತಳದ ಸಾಲಿಗೆ ಸೇರಬೇಕಾದದ್ದು, ಅಂಕಿ ನಲವತ್ತೇಳು. ಸೋಮವಾರ ಹೊಸ ಮೇಸ್ತ್ರಿಯನ್ನು ಆರಿಸುವವರಿದ್ದರು. ಅದನ್ನು ಒಬ್ಬನೇ ಎತ್ತಿ ಕೂರಿಸಿ ದೊಡ್ಡವರನ್ನು ಬೆರಗಾಗಿಸುತ್ತೇನೆಂದು ಶನಿವಾರ ಎಲ್ಲರೂ ಹೋದ ಮೇಲೆ ಸನ್ನೆಕೋಲು ಹಾಕಿದೆ. ಜಾರಿ ಬಿತ್ತು, ಮೂರು ತುಂಡಾಯಿತು. ಸುಣ್ಣದ ಖಾಲಿ ಚೀಲ ಮುಚ್ಚಿ ತಳ್ಳುಗಾಡಿಯಲ್ಲಿ ಮನೆಗೆ ಸಾಗಿಸಿದೆ. ಕಲ್ಲಿನ ರಾಶಿಯ ಲೆಕ್ಕ ಒಪ್ಪಿಸುವ ಸರದಿ ಆ ವಾರ ನೆಮೆಸಿಯೊನದು. ಕಲ್ಲು ಕಾಣದಾಗ, ವಿದೇಶದವರಿಗೆ ಮಾರಿದ್ದಾನೆಂದು ಅವನನ್ನು ಕೆಲಸದಿಂದ ತೆಗೆದರು. ನನ್ನನ್ನು ಮೇಸ್ತ್ರಿ ಮಾಡಿದರು.

ಬೇರೆ ಮೂಗು ಕೆತ್ತು ಎಂದು ನನಗೇ ಹೇಳಿದರು. ಕೆತ್ತಿದೆ, ಕೂರಿಸಿದೆ. ಚೂರು ಒತ್ತಲು ಮಾತ್ರ ಕೈ ಬರಲಿಲ್ಲ. ಚೂರು ಇಲ್ಲದಿದ್ದರೆ ಏನೂ ಆಗೇ ಇಲ್ಲ ಎಂಬಂತೆ ಕಾಣುತ್ತದೆ ನೋಡಿ. ಯಾರೂ ಕೇಳಲಿಲ್ಲ.

ಇವತ್ತು ಭಾನುವಾರ ಬೆಳಿಗ್ಗೆ ನೆಮೆಸಿಯೊ ನಮ್ಮ ಮನೆಗೆ ಬಂದ. ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿದೆ. ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ನನ್ನ ಹೆಂಡತಿ ಕ್ರಿಸಾಂತಾ ಒಲೆಯ ಮುಂದೆ ಕೂತು ಮೆಕ್ಕೆಜೋಳದ ರೊಟ್ಟಿ ಬಡಿಯುತ್ತಿದ್ದಳು.

"ನಿಮ್ಮ ಒಲೆ ರೊಟ್ಟಿ ರುಚಿನೇ ಬೇರೆ ಕಣಮ್ಮಾ," ಎಂದು ಆರು ತಿಂದ. ಕೈ ಒರೆಸಿಕೊಳ್ಳುತ್ತ, "ಕೊಂಪಾದ್ರೆ, ನನ್ನನ್ನ ಹಳೇ ನಗರಕ್ಕೆ ಕರಕೊಂಡು ಹೋಗು. ನಾ ಕಟ್ಟಿದ ಗೋಡೆ ಒಂದ್ಸಲ ಮುಟ್ಬೇಕು," ಎಂದ.

"ಬಿಸಿಲು ಮಾರಾಯ. ಅಲ್ಲೇನಿದೆ, ಬರೀ ಉಡದಂಥ ಇಗುವಾನ," ಎಂದೆ.

"ನೀನು ಮೇಸ್ತ್ರಿ ಆದ್ಮೇಲೆ ಬಿಸಿಲೂ ಕಂಡುಬಿಟ್ಟೆ! ಬಾರೋ, ಬೆಣ್ಣೆ ಏನಲ್ಲ ನೀನು ಕರಗೋಕೆ."

ಕ್ರಿಸಾಂತಾ ನಕ್ಕಳು. ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಮೂರು ಗಾಲಿಯ ಸೈಕಲ್ ಬಂಡಿಯಲ್ಲಿ ಅವನನ್ನು ಮುಂದೆ ಕೂರಿಸಿಕೊಂಡು ತುಳಿದೆ.

ಬಾಗಿಲಲ್ಲಿ ಹೊಸ ಕಾವಲುಗಾರನಿದ್ದ. ನಾನು ಕೆಲಸ ಬಿಟ್ಟ ಮೇಲೆ ಬಂದವನು, ಅವನಿಗೆ ನಾವ್ಯಾರೆಂದು ಗೊತ್ತಿರಲಿಲ್ಲ. ನೆಮೆಸಿಯೊ ನನ್ನ ಹೆಗಲು ಹಿಡಿದು ನಡೆಯುತ್ತ ಗೋಡೆ ಸವರಿದ. "ಇದು ನಂದು... ಇದು ಆ ಸೋಂಬೇರಿ ಚಾನ್‌ದು, ಸುಣ್ಣ ಕಮ್ಮಿ." ಮಗುವಿನಂತೆ ಖುಷಿಪಡುತ್ತಿದ್ದ. ನಾನು ಅವನನ್ನು ಮೂಲೆಯ ಕಡೆ ಹೋಗದಂತೆ ಎಡಕ್ಕೆ ಎಳೆದೆ.

"ಎಲ್ಲಿಗೆ? ಮೂಗು ಆ ಕಡೆ ಇರೋದು. ಕಣ್ಣು ಹೋಗಿದ್ರೂ ದಾರಿ ಮರ್ತಿಲ್ಲ."

ಮೂಗಿನ ಮುಂದೆ ಒಬ್ಬ ಗೈಡು ನಾಲ್ಕೈದು ಜನರಿಗೆ ವಿವರಿಸುತ್ತಿದ್ದ: "ಸಾವಿರ ವರ್ಷದ ಕೆತ್ತನೆ. ಈಗಿನ ಕಾಲದೋರ ಕೈಲಿ ಆಗೋದಲ್ಲ ಇದು." ನಾಚಿಕೆಯಿಂದ ನನ್ನ ಕಿವಿ ಸುಟ್ಟಿತು. ಅವರು ಹೋದ ಮೇಲೆ ನೆಮೆಸಿಯೊ ಮಂಡಿಯೂರಿ ಮೂಗನ್ನು ಎರಡೂ ಕೈಯಲ್ಲಿ ಹಿಡಿದ. ಆಮೇಲೆ ಹೆಬ್ಬೆರಳನ್ನು ಅದರ ಬುಡದ ಸಂದಿಗೆ ಇಟ್ಟು ಸುತ್ತಲೂ ಎಳೆದ. ಇನ್ನೊಮ್ಮೆ ಎಳೆದ.

"ಚೂರಿಲ್ಲ," ಎಂದ.

ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ಹಿಂದೆ ತಿರುಗಿ ನೋಡಿದೆ.

"ಕೊಂಪಾದ್ರೆ, ಚೂರೇ ಇಲ್ಲ ಕಣೋ! ಹೊಸದು ಕೂರಿಸಿದ್ರು ಅಂತ ಕೇಳಿದ್ದೆ. ಇದು ಹಳೇದು! ಆಮೇಲೆ ಸಿಕ್ಕಿದೆ, ವಾಪಸ್ ತಂದು ಕೂರಿಸಿದಾರೆ. ನಂಗೆ ಯಾವನೂ ಹೇಳಲಿಲ್ಲ!" ಅವನು ಅಳುತ್ತಿದ್ದ, ನಗುತ್ತಲೂ ಇದ್ದ. "ಕರಿ ಆ ಕಾವಲಿನವನನ್ನ. ನಾಳೆ ಬಾಸಿಲಿಯಾನ ಕರಕೊಂಡು ಬರ್ತೀನಿ. ಅವಳ ಕೈ ಹಿಡಿದು ಮುಟ್ಟಿಸ್ತೀನಿ. ಮೂಗು ಮಾರಿದವನ ಹೆಂಡ್ತಿ ಅಂತ ಹಿಟ್ಟಿನ ಗಿರಣೀಲಿ ಇವತ್ತಿಗೂ ಆಡ್ಕೋತಾರೆ. ಬೆಳಿಗ್ಗೆ ಸಾಲು ಕರಗಲಿ ಅಂತ ಕಾದು ಕೊನೇಗೆ ಹೋಗ್ತಾಳೆ, ಗೊತ್ತಾ ನಿಂಗೆ?"

ಗೊತ್ತಿತ್ತು. ಎಷ್ಟೋ ಸಲ ಕಣ್ಣಾರೆ ಕಂಡು ಬೇರೆ ಬೀದಿ ಹಿಡಿದಿದ್ದೇನೆ.

ಸುಮ್ಮನಿದ್ದರೆ ಸಾಕಿತ್ತು. ಅವನು ಖುಷಿಯಲ್ಲಿ ಇರುತ್ತಿದ್ದ, ನಾನೂ ಪಾರಾಗುತ್ತಿದ್ದೆ. ಆದರೆ ಅವನು ಬಗ್ಗಿ ಆ ಕಲ್ಲಿಗೆ, ನನ್ನ ಕಲ್ಲಿಗೆ, ಮುತ್ತಿಟ್ಟ. ಅದನ್ನು ನೋಡಲಾಗಲಿಲ್ಲ ನನಗೆ.

"ಚೂರು ನಾನಿಡಲಿಲ್ಲ," ಎಂದೆ.

"ಏನಂದೆ?"

"ಇದು ಹೊಸದೇ. ನಾನು ಕೆತ್ತಿದ್ದು. ಚೂರು ಇಡಬೇಕಿತ್ತು, ಇಡಲಿಲ್ಲ. ಹಳೇದನ್ನ ಬೀಳಿಸಿ ಒಡೆದೋನೂ ನಾನೇ."

ಅವನ ಕೈ ಕಲ್ಲಿನ ಮೇಲೇ ಇತ್ತು. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ಅವನು ಬಾಯಿ ಒರೆಸಿಕೊಂಡ, ಅಷ್ಟೆ.

ಆಮೇಲೆ ಕೇಳಿದ: "ಎಲ್ಲಿದೆ ಹಳೇದು?"

"ಮನೇಲಿ."

"ಮನೇಲೆಲ್ಲಿ?"

ಒಡೆದದ್ದು ಮೂರು ತುಂಡು. ಮೂರು ಕಲ್ಲಿನ ಒಲೆ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಒಲೆಯ ಕಲ್ಲನ್ನು ಯಾರೂ ಕದಲಿಸುವುದಿಲ್ಲ, ಮಸಿ ಹಿಡಿದ ಮೇಲೆ ಯಾರೂ ಗುರುತಿಸುವುದಿಲ್ಲ. ಕ್ರಿಸಾಂತಾಳಿಗೂ ತಿಳಿಯದು.

"ಒಲೆ," ಎಂದೆ.

"ಬೆಳಿಗ್ಗೆ ತಿಂದ್ನಲ್ಲ, ಅದೇ ಒಲೇನಾ?"

"ಅದೇ."

ನೆಮೆಸಿಯೊ ಎದ್ದು ನಿಂತ. ನಾನು ಹೆಗಲು ಕೊಟ್ಟೆ, ಅವನು ಹಿಡಿಯಲಿಲ್ಲ. ಗೋಡೆ ತಡವುತ್ತ ಬಾಗಿಲಿನವರೆಗೂ ತಾನೇ ನಡೆದ. ಬಂಡಿಯನ್ನು ತಡಕಿ ತಾನೇ ಹತ್ತಿ ಕೂತ. ಅವನ ಮನೆಯ ಮುಂದೆ ಇಳಿದ ಮೇಲೆ ನನ್ನ ಕಡೆ ತಿರುಗಿದ. ಕೊಂಪಾದ್ರೆ ಎನ್ನಲಿಲ್ಲ.

"ಉಬಾಲ್ಡೊ, ನಂಗೆ ಹೇಳಿದ್ದು ಸಾಲದು. ನಾಳೆ ಬೆಳಿಗ್ಗೆ ಆ ಮೂರು ಕಲ್ಲನ್ನೂ ಇದೇ ಬಂಡೀಲಿ ಹೇರ್ಕೊಂಡು ಗಿರಣಿ ಹತ್ರ ಬಾ. ಸಾಲು ಉದ್ದ ಇರೋ ಹೊತ್ತಿಗೆ ಬಾ. ನಾಳೆ ಬಾಸಿಲಿಯಾ ಸಾಲಿನ ಮುಂದೆ ನಿಂತಿರ್ತಾಳೆ."

ಮನೆಗೆ ಬಂದಾಗ ಕ್ರಿಸಾಂತಾ ಮಧ್ಯಾಹ್ನದ ರೊಟ್ಟಿಗೆ ಹೆಂಚು ಕಾಯಿಸುತ್ತಿದ್ದಳು.

"ಇಷ್ಟು ಬೇಗ ಬಂದ್ರಾ? ಕೊಂಪಾದ್ರೆ ಎಲ್ಲಿ? ಅವರಿಗೂ ಸೇರಿಸಿ ಹಿಟ್ಟು ಕಲಸಿದೀನಿ."

ನಾನು ಒಲೆಯ ಮುಂದೆ ಕೂತು ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದೆ.

"ಹೆಂಚು ಇಳಿಸು," ಎಂದೆ.