ಅರೆಬೆಂದ ಎಂಟು ಪ್ಲೇಟು

ಕೊಪ್ಪಳದ ಹೊರಗಿನ ಸೋಲಾರ್ ಪ್ಲೇಟಿನ ಕಾರ್ಖಾನೆಯಲ್ಲಿ ದುರಗೇಶನ ಕೈಕೆಳಗೆ ಒಂದು ಒಲೆ ಇತ್ತು. ಅದರ ಕಾವು ಎಂಥದ್ದೆಂದರೆ, ವೈಶಾಖದ ಸೂರ್ಯ ಕೂಡ ಬಾಗಿಲಿಗೆ ಬಂದು ಒಂದು ಕೆಂಡ ಬೇಡಿಕೊಂಡು ಹೋಗಬೇಕು. ಕೆಳಗೆ ಗಾಜು, ಅದರ ಮೇಲೆ ಅಂಟಿನ ಹಾಳೆ, ಆಮೇಲೆ ಬಿಸಿಲು ಹೀರಿ ಕರೆಂಟು ಮಾಡುವ ನೀಲಿ ಬಿಲ್ಲೆಗಳು, ಮತ್ತೊಂದು ಅಂಟಿನ ಹಾಳೆ, ಬೆನ್ನಿಗೊಂದು ಬಿಳಿ ಹಾಳೆ. ಇಷ್ಟನ್ನೂ ಒಳಗೆ ಮಲಗಿಸಿ, ಗಾಳಿಯನ್ನೆಲ್ಲ ಹೀರಿ ತೆಗೆದು, ಹದಿನಾರು ನಿಮಿಷ ಬೇಯಿಸಬೇಕು. ಹಾಗೆ ಬೆಂದ ಪ್ಲೇಟಿನ ಬೆನ್ನಿನ ಹಾಳೆ ಕೀಳಲು ಕುಷ್ಟಗಿ ತಾಲೂಕಿನ ಎತ್ತುಗಳನ್ನೆಲ್ಲ ಹೂಡಿದರೂ ಎತ್ತುಗಳೇ ಮುಗ್ಗರಿಸಬೇಕು. ಇಪ್ಪತ್ತೈದು ವರ್ಷ ಮಳೆಯ ಒಂದು ಹನಿಯೂ ಒಳಗೆ ಇಣುಕುವುದಿಲ್ಲ.

"ಒಂದು ನಿಮಿಷ ಮೊದಲ ತಗದಿ ಅಂದ್ರ ಅದು ಪ್ಲೇಟಲ್ಲಯ್ಯಾ, ಹಪ್ಪಳ," ಎನ್ನುತ್ತಿದ್ದ ಶ್ರೀರಾಮನಗರದ ಸೂಪರ್‌ವೈಜರ್ ರಾಮಾಂಜನೇಯ.

ದುರಗೇಶ ಎಂಟು ಪ್ಲೇಟುಗಳನ್ನು ಒಂಬತ್ತೇ ನಿಮಿಷಕ್ಕೆ ತೆಗೆದಿದ್ದ. ಅವು ಅವನ ಒಡಹುಟ್ಟಿದ ಅಕ್ಕನ ಮನೆಗೆ ಹೋಗುವ ಪ್ಲೇಟುಗಳು.

ಅಕ್ಕ ಅನುಸೂಯಾ ಹನುಮಸಾಗರದ ಸೊಸೆ. ಅವಳ ಕೈಗುಣ ಆ ಊರಿನಲ್ಲಿ ಹೆಸರುವಾಸಿ. ಅವಳು ಹೆಪ್ಪು ಹಾಕಿದ ಮೊಸರನ್ನು ಕೊಡಲಿಯಿಂದ ಕಡಿಯಬೇಕು. ಅವಳು ಊರಿದ ಹೀರೇಬೀಜ ಅವಳು ಮನೆ ಸೇರುವಷ್ಟರಲ್ಲಿ ಮೊಳೆತು ಚಪ್ಪರ ಹುಡುಕುತ್ತಿತ್ತು. ಹಪ್ಪಳದ ಮೊದಲ ಉಂಡೆ, ಕೂಸಿನ ಮೊದಲ ತುತ್ತು, ಬಿತ್ತನೆಯ ಮೊದಲ ಹಿಡಿ, ಯಾವುದಕ್ಕಾದರೂ "ಅನಸವ್ವನ್ನ ಕರೀರಿ" ಎಂದೇ ಕೂಗು ಏಳುತ್ತಿತ್ತು.

ಅವಳು ಮನೆಯ ಮುಂದೆ ಹಿಟ್ಟಿನ ಗಿರಣಿ ಹಾಕುತ್ತೇನೆಂದಾಗ, ಅದನ್ನು ತಿರುಗಿಸುವ ಪ್ಲೇಟು ತವರಿನ ಉಡುಗೊರೆ ಎಂದು ದುರಗೇಶ ಮೀಸೆ ತಿರುವಿದ. ಅವನ್ನು ಮಾಡಬೇಕಾದ ಗುರುವಾರ ಕಾರ್ಖಾನೆಗೆ ಕರೆಂಟು ಬಂದದ್ದೇ ತಡವಾಗಿ. ಅಷ್ಟರಲ್ಲಿ ಅವ್ವನ ಫೋನು.

"ಮನಿ ಮಗಳಿಗೆ ಕಳಸೂ ಸಾಮಾನದು. ರಾಹುಕಾಲ ಹತ್ತೂದ್ರಾಗ ಗಾಡಿ ಗೇಟು ದಾಟಬೇಕು ನೋಡಪಾ!"

ಒಂದೂವರೆಗೆ ರಾಹುಕಾಲ. ಅದು ಕಳೆಯುವ ಮೂರು ಗಂಟೆಯವರೆಗೆ ಪ್ಲೇಟು ಒಯ್ಯಲು ಬಂದ ಕುಷ್ಟಗಿಯ ಗಾಡಿಯವನು ಕಾಯುವವನಲ್ಲ. ರಾಮಾಂಜನೇಯ ಅಂದು ರಜೆ. ಎರಡೆರಡರಂತೆ ನಾಲ್ಕು ಸಲ ಹದಿನಾರು ನಿಮಿಷ ಬೇಯಿಸುತ್ತ ಕುಳಿತರೆ ರಾಹು ಬಂದು ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ದುರಗೇಶ ಒಂಬತ್ತು ನಿಮಿಷಕ್ಕೇ ಎತ್ತಿದ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ, ಕನ್ನಡಿಯ ಹಾಗೆ ಹೊಳೆದವು. ಪ್ರತಿ ಸಲವೂ ಪ್ಲೇಟಿನ ಜೊತೆಗೇ ಬೇಯಿಸಿದ, ಗಾಜಿಗೆ ಹಾಳೆ ಅಂಟಿಸಿದ ಒಂದು ಮಾದರಿ ಪಟ್ಟಿಯನ್ನು ಎಳೆದು ಅಂಟು ಹಿಡಿದಿದೆಯೋ ಇಲ್ಲವೋ ನೋಡಬೇಕಿತ್ತು; ಹಿಂದಿನ ದಿನದ ಪಟ್ಟಿಯನ್ನೇ ಇಟ್ಟು ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದ. ಒಂದೂ ಇಪ್ಪತ್ತಕ್ಕೆ ಗಾಡಿ ಗೇಟು ದಾಟಿತು. ಮೂರು ಲೋಕದಲ್ಲಿ ರಾಹುವನ್ನು ಓಡಿ ಹಿಂದೆ ಹಾಕಿದವನು ತಾನೊಬ್ಬನೇ ಎಂಬ ಗತ್ತಿನಲ್ಲಿ ಅವನು ಎರಡು ಚಹಾ ಕುಡಿದ.

ಹನುಮಸಾಗರದಲ್ಲಿ ಅನುಸೂಯಾ ಆ ಪ್ಲೇಟುಗಳಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಅವನ್ನು ಹೊತ್ತ ಕಬ್ಬಿಣದ ಕಾಲಿಗೆ ಕಾಯಿ ಒಡೆದಳು. ಕಾಯಿಯ ನೀರು ಸಿಡಿದು ಗಾಜಿನ ಮೇಲೆ ಹರಿಯಿತು. ಗಿರಣಿ ತಿರುಗಿದ ರಭಸಕ್ಕೆ ಯಲಬುರ್ಗಾದ ಜೋಳವೆಲ್ಲ ತಾನಾಗಿ ನಡೆದು ಬಂದು ಸರದಿ ನಿಂತಿತು.

ಎರಡನೆಯ ಮಳೆಗಾಲಕ್ಕೆ ಗಾಜಿನ ಕೆಳಗೆ ಗುಳ್ಳೆ ಎದ್ದವು. ಅಂಚಿನಿಂದ ನೀರು ನುಸುಳಿತು. ಬೆಳ್ಳಿಯಂಥ ಎಳೆಗಳು ತಂಬಾಕು ತಿನ್ನುವವರ ಹಲ್ಲಿನ ಬಣ್ಣಕ್ಕೆ ತಿರುಗಿದವು. ಗಿರಣಿ ಕೆಮ್ಮಿತು, ಕುಂಟಿತು, ನಿಂತಿತು.

"ತವರಿನ ಐಸಿರಿಗೆ ಕಾಯಿನೀರು ಕುಡಿಸಿ ಕೊಂದ್ಲು. ಅದೇನ್ ಕೈಯೋ ಏನೋ!" ಎಂದಳು ಅತ್ತೆ ಗಾಳೆಮ್ಮ. ಆ ಮಾತು ಊರು ಸುತ್ತಿ ಬರಲು ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಪರೀಕ್ಷೆಗೆ ರಾಮಾಂಜನೇಯ ಬಂದ, ಜೊತೆಗೆ ದುರಗೇಶ. ಏನಾಯಿತಮ್ಮ ಎಂದು ಕೇಳಿದ್ದಕ್ಕೆ ಅನುಸೂಯಾ ತಾನೇ ಮುಂದೆ ಬಂದು, "ನಾನ ಕಾಯಿ ಒಡದೇನ್ರಿ ಸರ. ನೀರ ಒಳಗ ಹೋಗೇತಿ," ಎಂದಳು. ರಾಮಾಂಜನೇಯ ಮುಂಬದಿಯಷ್ಟೇ ನೋಡಿ, ಬಳಕೆದಾರರ ತಪ್ಪು ಎಂದು ಬರೆದುಕೊಂಡ. ಹಿಂಬದಿಗೆ ಹೋದ ದುರಗೇಶ ಬಿಳಿ ಹಾಳೆಗೆ ಉಗುರು ತಾಗಿಸಿದ. ಅದು ಹಾಲಿನ ಕೆನೆಯ ಹಾಗೆ ಎದ್ದು ಬಂತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅವನು ಹಾಳೆಯನ್ನು ಮೆಲ್ಲನೆ ಮತ್ತೆ ಒತ್ತಿಟ್ಟ.

ಅಂದಿನಿಂದ ಅನುಸೂಯಾಳನ್ನು ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ವಾಣಿಶ್ರೀ ಕೂಸಿನ ಮೊದಲ ತುತ್ತಿಗೆ ಕುಷ್ಟಗಿಯಿಂದ ಚಿಕ್ಕಮ್ಮನನ್ನು ಕರೆಸಿದಳು. ಅನುಸೂಯಾ ಹೆಪ್ಪು ಹಾಕುವುದನ್ನೂ ಬಿಟ್ಟಳು. ನಡುವೆ ಅವ್ವ ತೀರಿಕೊಂಡಾಗ ಮಣ್ಣಿಗೆ ಬಂದು ಹೋದದ್ದೇ ಕೊನೆ. ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ನಾಗರಪಂಚಮಿ ಎರಡು ಸಲ ಕಳೆದರೂ ಅಕ್ಕ ಬರಲಿಲ್ಲ. ನನ್ನ ಕೈ ನಿಮ್ಮ ಮನೆಗೂ ತಾಗುವುದು ಬೇಡ ಎಂದು ಹೇಳಿ ಕಳಿಸಿದಳು.

ಈ ಸಲ ಪಂಚಮಿಗೆ ಎರಡು ದಿನ ಮೊದಲು ದುರಗೇಶ ಹನುಮಸಾಗರದ ಬಸ್ಸು ಹತ್ತಿದ. ಅಕ್ಕನ ಕೈಯ ಮೇಲಿನ ಕಳಂಕ ತೊಳೆಯದೆ ಹಿಂತಿರುಗುವುದಿಲ್ಲ ಎಂದು ದಾರಿಯ ಪ್ರತಿ ಕಲ್ಲಿಗೂ ಹೇಳಿಕೊಂಡ. ಜೇಬಿನಲ್ಲಿ ಎರಡು ಪಟ್ಟಿಗಳಿದ್ದವು: ಹದಿನಾರು ನಿಮಿಷ ಬೆಂದದ್ದೊಂದು, ಒಂಬತ್ತು ನಿಮಿಷ ಬೆಂದದ್ದೊಂದು.

"ಬಾರಪಾ ದುರಗೇಶ. ಈ ಸಲ ಏನ್ ತಂದಿ, ವಿಮಾನ?" ಕಟ್ಟೆಯ ಮೇಲಿದ್ದ ಗಾಳೆಮ್ಮ ಕೇಳಿದಳು.

"ಅತ್ತೀ, ತಪ್ಪು ನಂದರಿ. ಅಕ್ಕನ ಕಾಯಿಗೂ ಅದಕ್ಕೂ ಏನೂ ಸಂಬಂಧ ಇಲ್ರಿ. ಪ್ಲೇಟ ನಾನ ಅರ್ಧಾ ಬೇಯಿಸಿ ತಗದಿದ್ದೆ."

ಗಾಳೆಮ್ಮ ನಕ್ಕ ನಗುವಿಗೆ ಎದುರಿನ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಆನೆಗೊಂದಿಯ ಹೊಳೆಯಲ್ಲಿ ಮೊಸಳೆಯ ಬಾಯೊಳಗೆ ಕೊಡೆ ಬಿಚ್ಚಿ ಹಲ್ಲು ಎಣಿಸಿ ಬಂದೆನೆಂದು ಇದೇ ಕಟ್ಟೆಯ ಮೇಲೆ ಕೂತು ಹೇಳಿದವನು ಅವನೇ. "ಅಕ್ಕನ ಮ್ಯಾಲ ಜೀವ ಭಾಳ ಐತಿ ನಿನಗ, ಒಪ್ಪಿದೆ. ಆದ್ರ ನನ್ನ ಕಣ್ಣ ಮುಂದ ಒಡದಾಳ ಕಾಯಿ."

ಅವನು ಅಡುಗೆಮನೆಗೆ ಹೋದ. ಅಕ್ಕನ ಮುಂದೆ ಎರಡೂ ಪಟ್ಟಿಗಳನ್ನು ಹಿಡಿದು ಎಳೆದು ತೋರಿಸಿದ. ಒಂದು ಜಗ್ಗಲಿಲ್ಲ. ಇನ್ನೊಂದು ಸುಲಿದು ಬಂತು.

ಅನುಸೂಯಾ ಮುಟ್ಟದೆಯೇ ಬಗ್ಗಿ ನೋಡಿದಳು. ಆಮೇಲೆ, "ಇಷ್ಟ ತ್ರಾಸ ಯಾಕ ತಗೊಂಡಿ? ಇವ್ನ ಎಲ್ಲಿ ಮಾಡಿಸ್ಕೊಂಡು ಬಂದಿ?" ಎಂದಳು.

"ಅಕ್ಕಾ, ಖರೇ ಹೇಳಾಕತ್ತೀನಿ."

"ಲಗ್ನ ಆಗಿ ಇಲ್ಲಿಗೆ ಬರೂ ದಿನ ಏನ್ ಹೇಳಿದ್ದಿ? ಅಳಬ್ಯಾಡ ಅಕ್ಕಾ, ತಾಸಿಗೆ ನಾಕು ಬಸ್ಸು ಅದಾವ ಅಂದಿದ್ದಿ. ಬಂದು ನೋಡಿದ್ರ ದಿನಕ್ಕ ಎರಡು." ಅವಳು ಒಲೆಯತ್ತ ತಿರುಗಿದಳು. "ಅವ್ವ ಆರಾಮ ಅದಾಳ, ನಾಕು ರೊಟ್ಟಿ ಉಂಡ್ಲು ಅಂತ ಫೋನ್ ಹಚ್ಚಿದ್ದಿ. ನಾ ಬರೂದ್ರಾಗ ಅವ್ವನ ಹೆಣಾ ಅಂಗಳದಾಗ ಕುಂದ್ರಿಸಿದ್ರಿ. ಸಿಟ್ಟಿಲ್ಲೋ ದುರಗ್ಯಾ. ಯಾರರ ಅತ್ತರ ನಿನಗ ತಡಕೊಳ್ಳಾಕ ಆಗೂದಿಲ್ಲ, ಸುಳ್ಳ ಹೇಳ್ತಿ."

ಆಣೆ ಮಾಡಲು ಅವನು ಅವಳ ತಲೆಯ ಮೇಲೆ ಕೈ ಇಟ್ಟ. ಅವಳು ಎರಡೂ ಕೈಯಿಂದ ಅದನ್ನು ಕಿತ್ತು ಕೆಳಗಿಳಿಸಿ, ಕೆಂಡ ಮುಟ್ಟಿದವಳ ಹಾಗೆ ಬಿಟ್ಟಳು.

"ಸುಳ್ಳ ಆಣಿ ಮಾಡಬ್ಯಾಡ. ಮಕ್ಕಳ ಅದಾವ ನಿನಗ."

"ರಾಮಾಂಜನೇಯ ಸರಿಗೆ ಬರದು ಕೊಡ್ತೀನಿ. ಅವಾಗ ನಂಬ್ತಿ."

"ಬರದು ಕೊಟ್ಟು ಕೆಲಸ ಕಳಕೊ. ತಮ್ಮನ ಅನ್ನಾನೂ ತಿಂದ್ಲು ಅಂತಾರ ಆಮ್ಯಾಲ. ನನ್ನಾಣಿ ಐತಿ, ಇದನ್ನ ಇನ್ನ ಯಾರ ಮುಂದೂ ಆಡಬ್ಯಾಡ. ಹೂಂ ಅನ್ನು."

ಮೊಸಳೆಯ ಹಲ್ಲು ಎಣಿಸಿದ ಬಾಯಿಗೆ ಆಗ ಒಂದು "ಇಲ್ಲ" ಸಿಗಲಿಲ್ಲ.

"ಹೂಂ," ಎಂದ. ಎಂದ ಕೂಡಲೇ ಅವನ ಎದೆಯಿಂದ ಆನೆಗೊಂದಿಯ ಬಂಡೆಯೊಂದು ಉರುಳಿ ಹೋದಷ್ಟು ಹಗುರವಾಯಿತು. ಕೆಲಸ ಉಳಿಯಿತು. ಆ ಹಗುರಕ್ಕೇ ನಾಚಿ ಅವನಿಗೆ ಅಳು ಬಂತು. ಅಕ್ಕ ಅದನ್ನು ತನಗಾಗಿ ಅಳುವ ಅಳು ಎಂದುಕೊಂಡಳು.

"ಮಕ್ಕಳಿಗೆ ಶೇಂಗಾ ಉಂಡಿ ಒಯ್ಯಿ. ಅತ್ತಿ ಕಟ್ಯಾಳ, ನಾ ಮುಟ್ಟಿಲ್ಲ," ಎಂದು ಡಬ್ಬಿಯನ್ನು ಕಣ್ಣಲ್ಲೇ ತೋರಿಸಿದಳು. "ನೀನ ತಗದು ಹಾಕ್ಕೋ."

ಅವನು ಒಂದೊಂದೇ ಉಂಡೆ ತೆಗೆದು ಚೀಲಕ್ಕೆ ಹಾಕಿಕೊಂಡ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮಡಚಿಕೊಂಡು, ಗೋಡೆಗೆ ಒತ್ತಿ ನಿಂತಿದ್ದಳು.