ತಮಾಷೆಗೆ ಕರೆದ ಹೆಸರು

ಕುಣಿಗಲ್ಲಿನ ಮನೆಯ ಹಾಲ್‌ನಲ್ಲಿ ಗೆಳೆಯರೆಲ್ಲ ಸೇರಿ ನೋಡುತ್ತಿದ್ದ ಗುಲಾಮಗಿರಿಯ ಸಿನಿಮಾ ಮುಗಿದಿತ್ತು. ಮಾಲಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಪೂರ್ತಿ ನೋಡಿದ್ದಳು. ಸಿನಿಮಾದಲ್ಲಿ ಧಣಿ ಕಪ್ಪು ಆಳಿನ ಮೈಬಣ್ಣ ಹೀಯಾಳಿಸಿದಾಗ ಗುಬ್ಬಿಯಿಂದ ಬಂದಿದ್ದ ಗೆಳೆಯ ಚನ್ನೇಶ್ ನಕ್ಕಿದ್ದ. ಅದಕ್ಕೇ ಅವಳ ಗಂಡ ಸೋಮಶೇಖರ್ ಕೆಂಡವಾಗಿದ್ದ.

“ಆ ಧಣಿ ತಮಾಷೆಗೆ ಅಂದಿದ್ದು ಕಣೋ,” ಎಂದ ಚನ್ನೇಶ್.

“ತಮಾಷೆ ಅಂದ್ಬುಟ್ರೆ ಬೈಗುಳ ಬೈಗುಳ ಅಲ್ವೇನ್ಲಾ? ನಗೋಕೆ ನಾಚ್ಕೆ ಆಗ್ಬೇಕು.”

ಚನ್ನೇಶ್ ತಲೆ ತಗ್ಗಿಸಿದ. ಇಷ್ಟು ನ್ಯಾಯ ಹೇಳಿದ ಮಹಾನುಭಾವನಿಗೆ ಗಂಟಲು ಒಣಗಿತ್ತು.

“ಲೇ ಇದ್ಲು, ಕಾಫಿ ತಗೊಂಬಾರೇ.”

ಕಪ್ಪು ಮೈಬಣ್ಣದ ಮಾಲಿನಿಗೆ ಮದುವೆಯಾದಾಗಿನಿಂದ ಅದೇ ಹೆಸರು, ಇದ್ದಿಲು. ಗೆಳೆಯರೆಲ್ಲ ನಕ್ಕರು. ಯಾವಾಗಲೂ ಜೊತೆಗೆ ನಗುತ್ತಿದ್ದ ಅವಳು ಇವತ್ತು ನಗಲಿಲ್ಲ.

“ತಮಾಷೆಗಂದೆ ಕಣೇ,” ಎಂದ ಸೋಮಶೇಖರ್.

ಮಾಲಿನಿ ಅವನ ಮುಂದೆ ಲೋಟ ಇಟ್ಟಳು.

“ಆ ಧಣೀನೂ ತಮಾಷೆಗೇ ಅಂದಿದ್ದು ಕಣ್ರೀ.”