ಗಾಳಿ ಬೀಸಿದ ದಿನ ಬೆಳೆದ ಹಿಮ

ಒಲೆಯ ಸುತ್ತ ಹೊಡೆದಿದ್ದ ಗೂಟಗಳಿಗೆ ನೆದೆಲ್ಯಾ ಒದ್ದೆ ಬೂಟುಗಳನ್ನು ಒಂದೊಂದಾಗಿ ತಲೆಕೆಳಗಾಗಿ ಸಿಕ್ಕಿಸುತ್ತಿದ್ದಳು. ಹಿಮದಲ್ಲಿ ಜಾರಲು ಬರುವವರಿಗೆ ಕೊಡುವ ಬಾಡಿಗೆ ಬೂಟುಗಳು, ಬೆಳಿಗ್ಗೆ ಒಣಗಿ ಹೋದವು ಸಂಜೆಗೆ ನೀರು ಕುಡಿದು ಬರುತ್ತವೆ. ಒಂದು ಜೋಡಿಯ ಅಡಿಯಲ್ಲಿ ಏನೋ ಕೈಗೆ ತಾಗಿತು. ಉಗುರಿನಿಂದ ಕೆರೆದು ನೋಡಿದಳು. ಹುಲ್ಲು. ಮಣ್ಣು ಮೆತ್ತಿದ ಹಳೆಯ ಹುಲ್ಲು. ಗೋಡೆಗೆ ಒರಗಿಸಿದ್ದ ಸ್ಕೀಗಳನ್ನು ತಿರುವಿದಳು. ಅವುಗಳ ತಳದಲ್ಲೂ ಕಲ್ಲು ಗೀಚಿದ ಗೆರೆಗಳಿದ್ದವು.

ಕಿಟಕಿಯಾಚೆ, ಜನರನ್ನು ಬೆಟ್ಟಕ್ಕೇರಿಸುವ ಲಿಫ್ಟಿನ ಬಾಗಿಲ ಬಳಿಯ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿತ್ತು: ಹಿಮ, ನೂರಾ ಹತ್ತು ಸೆಂಟಿಮೀಟರ್.

ಸೊಂಟ ಮುಳುಗುವಷ್ಟು ಹಿಮ ಇರುವ ಇಳಿಜಾರಿನಲ್ಲಿ ಬೂಟಿಗೆ ಹುಲ್ಲು ಎಲ್ಲಿಂದ ಅಂಟಿತು?

ಲಿಫ್ಟಿನ ಕಚೇರಿ ನೋಡಿಕೊಳ್ಳುವ ಕ್ರಾಸಿಮಿರ್ ಕೈ ಕಾಯಿಸಿಕೊಳ್ಳಲು ಒಳಗೆ ಬಂದ. ಅವಳು ಅವನ ಮುಖ ನೋಡದೆ ಕೇಳಿದಳು.

"ಕ್ರಾಸಿ, ಮೊನ್ನೆ ತೊಂಬತ್ತೆಂಟಿತ್ತು. ಇವತ್ತು ನೂರಾ ಹತ್ತು. ಈ ಹನ್ನೆರಡು ಮೋಡದಿಂದ ಉದುರಿದ್ದಾ, ನಿನ್ನ ಸೀಮೆಸುಣ್ಣದಿಂದ ಉದುರಿದ್ದಾ?"

"ಅಯ್ಯೋ ಚಿಕ್ಕಮ್ಮ, ನಾನು ಬರೆಯೋನಷ್ಟೆ. ಏಳು ಗಂಟೆಗೆ ವೆಲ್ಕೊ ಚಿಕ್ಕಪ್ಪ ಅಳತೆ ನೋಡಿ ಮೇಲಿಂದ ಫೋನ್ ಮಾಡ್ತಾರೆ, ನಾನು ಹಲಗೆಗೆ ಹಾಕ್ತೀನಿ. ಅನುಮಾನ ಇದ್ರೆ ನಿಮ್ಮ ಗಂಡನ ಜೇಬು ತಡಕಿ."

"ತಡಕಿದ್ದೀನಿ. ಸೂರ್ಯಕಾಂತಿ ಬೀಜದ ಸಿಪ್ಪೆ ಬಿಟ್ರೆ ಅಲ್ಲೇನಿಲ್ಲ. ರೇಡಿಯೋದಲ್ಲಿ ಎರಡು ದಿನದಿಂದ ಒಂದೇ ಮಾತು. ವಾಯವ್ಯದ ಒಣಗಾಳಿ, ಬೆಟ್ಟದ ತುದಿ ತನಕ ಮೋಡ ಇಲ್ಲ, ಹಿಮ ಇಲ್ಲ."

"ರೇಡಿಯೋದವರು ಅಲ್ಲಿ ಸೋಫಿಯಾ ಪಟ್ಟಣದಲ್ಲಿ ಕೂತು ಕಾಫಿ ಕುಡೀತಾ ಹೇಳ್ತಾರೆ. ಬೆಟ್ಟ ಅವ್ರ ಮಾತು ಕೇಳತ್ತಾ?"

ನಗುತ್ತ ಹೊರಟುಹೋದ. ಜನ ಬರಲಿ ಎಂದು ಇವನೇ ಸೇರಿಸುತ್ತಿದ್ದಾನೆ ಎಂದುಕೊಂಡಳು ನೆದೆಲ್ಯಾ. ಅಷ್ಟು ಸಲೀಸಾಗಿ ನಗುವವರನ್ನು ಅವಳು ಎಂದೂ ನಂಬಿದವಳಲ್ಲ.

ಸುಮ್ಮನೆ ಹುಟ್ಟಿದ ಅನುಮಾನವಲ್ಲ ಇದು. ಯಾಂಬೋಲಿನ ಶಾಲಾ ಮೇಡಂ ಸೆವ್ದಾ ಪ್ರತಿ ಚಳಿಗಾಲ ಬಯಲುಸೀಮೆಯ ಮೂವತ್ತು ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಹೋದ ವರ್ಷ ನೆದೆಲ್ಯಾ ಹಲಗೆ ನೋಡಿ, ಹಿಮ ಚೆನ್ನಾಗಿದೆ ಬನ್ನಿ ಎಂದು ಬರೆದಿದ್ದಳು. ಬಂದ ಮರುದಿನವೇ ಒಂದು ಹುಡುಗಿ ತೆಳುಹಿಮದಡಿಯ ಬಂಡೆಗೆ ಬಡಿದು ಕಾಲು ಮುರಿದುಕೊಂಡಿತು. ಈ ಸಲ ನವೆಂಬರಿನಲ್ಲೇ ಸೆವ್ದಾಳ ಕಾಗದ ಬಂದಿತ್ತು: "ಹಲಗೆ ಬೇಡ. ನಿಮ್ಮ ಕಣ್ಣಿಗೆ ಕಂಡದ್ದು ಬರೆಯಿರಿ. ಫೆಬ್ರವರಿಯಲ್ಲಿ ಕರೆತರಲೋ, ಮಾರ್ಚಿನಲ್ಲೋ?" ಅರ್ಧ ಬರೆದ ಉತ್ತರ ಎರಡು ತಿಂಗಳಿಂದ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ತನಗೇ ನಂಬಿಕೆ ಇಲ್ಲದ ಅಂಕಿಯನ್ನು ಬರೆಯಲು ಅವಳ ಕೈ ಏಳಲಿಲ್ಲ.

ಅಂದು ಸಂಜೆ ಅವಳು ತನ್ನ ಪುಸ್ತಕ ತೆಗೆದಳು. ಮಧ್ಯಾಹ್ನದ ರೇಡಿಯೋ ಮುನ್ಸೂಚನೆಯನ್ನು ಒಂದು ಕಡೆ, ಹಲಗೆಯ ಅಂಕಿಯನ್ನು ಇನ್ನೊಂದು ಕಡೆ ಬರೆದಿಡುವುದು ಅವಳ ರೂಢಿ. ಬೆರಳಿಟ್ಟು ಮೇಲಿಂದ ಕೆಳಗೆ ಬಂದಳು. ಹಿಮ ಬೀಳುತ್ತದೆ ಎಂದ ದಿನ ಅಂಕಿ ಏರಿದೆ, ಸರಿ. ಆದರೆ ಹಿಮವಿಲ್ಲ, ಬರೀ ಗಾಳಿ ಎಂದ ದಿನವೂ ಏರಿದೆ. ಒಂದು ಸಲವಲ್ಲ, ಐದು ಸಲ. ಗಾಳಿ ಹಿಮವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುತ್ತದೆ. ಕ್ರಾಸಿಮಿರ್ ಸುಳ್ಳು ಬರೆಯುವವನಾಗಿದ್ದರೆ ಗಾಳಿಯ ದಿನವೇ ನೋಡಿ ಯಾಕೆ ಬರೆದಾನು?

ಎದುರಿಗೆ ಅವಳ ಗಂಡ ವೆಲ್ಕೊ ಪುದೀನ ಹಾಕಿದ ಹುರುಳಿಕಾಯಿ ಬೀಜದ ಸಾರಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ. ಮೂವತ್ತು ವರ್ಷದಿಂದ ಹಿಮದ ಅಳತೆಗೋಲು ನೋಡುವವನು ಅವನೇ. ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ.

"ಬೆಳಿಗ್ಗೆ ಕೋಲು ಎಷ್ಟು ತೋರಿಸ್ತು?"

"ನೂರಾ ಹತ್ತು."

"ನೀನೇ ನೋಡಿದ್ಯಾ?"

"ಮತ್ತಿನ್ಯಾರು, ನಿಮ್ಮಪ್ಪ ಬಂದು ನೋಡ್ತಾನಾ? ಉಪ್ಪು ಕೊಡು."

ಉಪ್ಪು ಅವನ ಕೈಯಳತೆಯಲ್ಲೇ ಇತ್ತು. ಅದನ್ನೂ ಅವಳು ಗಮನಿಸಿದಳು.

ಮರುದಿನ ವೆಲ್ಕೊ ಹೊರಟು ಸ್ವಲ್ಪ ಹೊತ್ತಾದ ಮೇಲೆ ಅವಳು ಅವನ ಹೆಜ್ಜೆ ಹಿಡಿದು ಹತ್ತಿದಳು. ಅಳತೆಗೋಲು ಇರಬೇಕಾದದ್ದು ಮೇಲಿನ ಕುರಿಬಯಲಿನಲ್ಲಿ, ನಾಲ್ಕೂ ಕಡೆ ಬಯಲಾದ ಜಾಗದಲ್ಲಿ. ಆದರೆ ಹೆಜ್ಜೆಗಳು ಅಲ್ಲಿಯವರೆಗೆ ಹೋಗಲಿಲ್ಲ. ಅರ್ಧದಾರಿಯ ನೀರಿನ ಪಂಪಿನ ಮನೆಯ ಹಿಂದಕ್ಕೆ ತಿರುಗಿದವು. ಅಲ್ಲಿ, ಗೋಡೆಯ ಮರೆಯಲ್ಲಿ ಗಾಳಿ ತಂದು ಗುಡ್ಡೆ ಹಾಕಿದ್ದ ಹಿಮದ ನಡುವೆ, ಕೆಂಪು ಬಿಳಿ ಬಣ್ಣದ ಕೋಲು ನಿಂತಿತ್ತು. ನೂರಾ ಇಪ್ಪತ್ತು ತೋರಿಸುತ್ತಿತ್ತು. ಫೋನ್ ಮುಗಿಸಿ ಪಂಪಿನ ಮನೆಯಿಂದ ಹೊರಬಂದ ವೆಲ್ಕೊ ಅವಳನ್ನು ಕಂಡು ಹಾಗೇ ನಿಂತ.

ಅವಳು ಅವನನ್ನು ದಾಟಿ ಕುರಿಬಯಲಿಗೆ ಹತ್ತಿದಳು. ಐದು ಕಡೆ ಸ್ಕೀ ಕೋಲು ಚುಚ್ಚಿ ಅಳೆದಳು. ಹೆಚ್ಚೆಂದರೆ ಮೂವತ್ತನಾಲ್ಕು. ದಿಬ್ಬದ ಮೇಲೆ ಹುಲ್ಲು ಕಾಣುತ್ತಿತ್ತು. ಇಳಿದು ಬಂದಾಗ ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ.

"ಕೋಲು ತಾನೇ ನಡ್ಕೊಂಡು ಬಂತಾ ಕೆಳಗೆ?"

"ಮಂಡಿ ಹತ್ತಗೊಡಲ್ಲ ಕಣೇ."

"ಯಾವಾಗಿಂದ?"

"ಹೋದ ಜನವರಿಯಿಂದ. ಹೇಳಿದ್ರೆ ಕೆಲಸ ಬೇರೆಯೋರಿಗೆ ಕೊಡ್ತಾರೆ. ಆಮೇಲೆ ನಾನು ಬೆಳಿಗ್ಗೆ ಎದ್ದು ಏನು ಮಾಡ್ಲಿ, ನಿನ್ನ ಬೂಟು ಎಣಿಸ್ಲಾ?"

"ಇಲ್ಲಿ ಗಾಳಿ ಹಿಮ ಗುಡ್ಡೆ ಹಾಕತ್ತೆ ಅಂತ ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು. ಅದಕ್ಕೇ ದಿನಾ ಹತ್ತು ಕಳೆದು ಹೇಳ್ತಿದ್ದೆ."

ಅವನು ಅದನ್ನು ಹೇಳಿದ ರೀತಿಯಲ್ಲಿ ಮೋಸವಿರಲಿಲ್ಲ. ಕೆಲಸ ನೆಟ್ಟಗೆ ಮಾಡಿದ್ದೇನೆ ಎಂಬ ಹಟವಿತ್ತು.

"ಮೇಲೆ ಮೂವತ್ತನಾಲ್ಕಿದೆ, ವೆಲ್ಕೊ. ಆ ಹುಡುಗಿ ಕಾಲು ಮುರ್ಕೊಂಡ ದಿನ ಎಷ್ಟಿತ್ತೋ, ಅದು ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ಅವನು ಮಂಡಿ ಉಜ್ಜಿಕೊಂಡ. "ಸೆವ್ದಾಗೆ ನನ್ನ ಹೆಸರು ಬರೀತೀಯಾ?"

"ಬರೀತೀನಿ. ನನ್ನದೂ ಬರೀತೀನಿ. ಹಲಗೆ ನಂಬಿ ಬನ್ನಿ ಅಂದೋಳು ನಾನು."

"ಕ್ರಾಸಿಗೆ ನಾನೇ ಹೇಳ್ತೀನಿ."

"ಹೇಳು. ಹೇಳಿದ್ಯೋ ಇಲ್ವೋ ಅಂತ ಸಂಜೆ ನಾನೂ ಅವನನ್ನ ಕೇಳ್ತೀನಿ."

ಮನೆಗೆ ಬಂದು ಡಬ್ಬಿಯ ಕಾಗದ ತೆಗೆದು ಮುಗಿಸಿದಳು. ಕೋಲಿನ ಕಥೆ ಬರೆದಳು, ಮಂಡಿಯ ವಿಷಯ ಬರೆದಳು. ಕೊನೆಗೆ ಹೀಗೆ ಸೇರಿಸಿದಳು: "ಫೆಬ್ರವರಿ ಬೇಡ. ಗಾಳಿಯಿಲ್ಲದೆ ಮೂರು ದಿನ ಹಿಮ ಬೀಳುತ್ತದೆ, ನಮ್ಮ ಊರಿಗಿಂತ ಕೆಳಗೂ ಕರಗುವುದಿಲ್ಲ ಎಂದು ರೇಡಿಯೋ ಹೇಳಬೇಕು. ಹೇಳಿದರೂ ನಂಬುವುದಿಲ್ಲ. ಕುರಿಬಯಲಿಗೆ ಹತ್ತಿ ಚುಚ್ಚಿ ನೋಡಿ ತಂತಿ ಸಂದೇಶ ಕೊಡುತ್ತೇನೆ. ನನ್ನ ತಂತಿ ಬರದೆ ಮಕ್ಕಳನ್ನು ಬಸ್ಸು ಹತ್ತಿಸಬೇಡಿ."

ವೆಲ್ಕೊ ಕೋಟು ತೊಟ್ಟು ಕೈ ಚಾಚಿದ. "ಕ್ರಾಸಿ ಕಚೇರಿಗೆ ಹೇಗೂ ಹೋಗ್ತೀನಲ್ಲ, ಕೊಡು, ಟಪಾಲು ಡಬ್ಬಕ್ಕೆ ಹಾಕ್ತೀನಿ."

ಅವಳು ಅವನ ಕೈ ನೋಡಿದಳು, ಮುಖ ನೋಡಿದಳು.

"ಬೇಡ. ನಾನೇ ಹೋಗ್ತೀನಿ."

ಚೌಕದಲ್ಲಿ ಟಪಾಲಿನ ಬಸ್ಸು ಹೊರಡಲು ನಿಂತಿತ್ತು. ಲಕೋಟೆ ಚೀಲದೊಳಗೆ ಬೀಳುವವರೆಗೂ, ಡ್ರೈವರು ಚೀಲದ ಬಾಯಿ ಕಟ್ಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

"ಇನ್ನೊಂದು ಗಂಟು ಹಾಕಪ್ಪ," ಎಂದಳು.

ಅವನು ಹಾಕಿದ. ಬಸ್ಸು ಇಳಿಜಾರಿಗೆ ತಿರುಗಿತು.